ಪಾಲುದಾರರ ಹಳೆಯ ಶಿಕ್ಷೆ, ಹಿಂದಿನ ಮಾಲೀಕರ ದಂಡದ ಬಾಕಿ: ಫ್ಲಾರಿಡಾದಲ್ಲಿ ಜಿಮ್ ನೋಂದಣಿ ಕೈತಪ್ಪುವುದು ಯಾವಾಗ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಬಹಳ ವರ್ಷಗಳಿಂದ ಅಮೆರಿಕದಲ್ಲಿದ್ದು, ಈಗ ಫ್ಲಾರಿಡಾದ ಟ್ಯಾಂಪಾ ಬಳಿ ನೆಲೆಸಿದ್ದೇನೆ. ಇಲ್ಲಿ ನಡೆಯುತ್ತಿರುವ ಒಂದು ಜಿಮ್ ಅನ್ನು ಗೆಳೆಯರೊಬ್ಬರ ಜೊತೆ ಸೇರಿ ಕೊಳ್ಳುವ ಮಾತುಕತೆ ನಡೆದಿದೆ. ಗೆಳೆಯರಿಗೆ ಒಂಬತ್ತು ವರ್ಷದ ಹಿಂದೆ ಬೇರೊಂದು ರಾಜ್ಯದಲ್ಲಿ ಚೆಕ್ ವಂಚನೆಯ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು. ಈಗಿನ ಮಾಲೀಕರು ಶೇಕಡ 10ರ ಪಾಲು ಉಳಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಸದಸ್ಯರಿಗೆ ಹಣ ಹಿಂದಿರುಗಿಸದ ಕಾರಣಕ್ಕೆ ಇಲಾಖೆ ಅವರಿಗೆ ಹಾಕಿದ್ದ ದಂಡ ಇನ್ನೂ ಬಾಕಿ ಇದೆಯಂತೆ. ನಮಗೆ ನೋಂದಣಿ ನಿರಾಕರಿಸಬಹುದೆ? ಒಮ್ಮೆ ಸಿಕ್ಕ ನೋಂದಣಿಯನ್ನು ಆಮೇಲೆ ಯಾವ ಕಾರಣಕ್ಕೆ ರದ್ದು ಮಾಡುತ್ತಾರೆ?

ಉತ್ತರ: ನಿರಾಕರಿಸಬಹುದು. ನೀವು ಹೇಳಿದ ಎರಡು ಸಂಗತಿಗಳೂ ಕಾನೂನಿನಲ್ಲಿ ಬರೆದಿಟ್ಟಿರುವ ಕಾರಣಗಳೊಳಗೇ ಬರುತ್ತವೆ. ಆದರೆ ಗೆಳೆಯರ ಹಳೆಯ ಶಿಕ್ಷೆಗಿಂತ ಮಾಲೀಕರ ದಂಡದ ಬಾಕಿಯೇ ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ. ಸಮಾಧಾನದ ಮಾತೆಂದರೆ ಅದನ್ನು ಸರಿಪಡಿಸುವುದು ಸುಲಭ. ಹಾಗೇಕೆ ಎಂದು ತಿಳಿಯಬೇಕಾದರೆ ಈ ನೋಂದಣಿ ಯಾವುದಕ್ಕಾಗಿ ಇದೆ ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.

ನಮ್ಮೂರಿನಲ್ಲಿ ಜಿಮ್ ತೆರೆಯುವವರು ಮೊದಲು ಹೋಗುವುದು ನಗರಸಭೆಗೆ ಅಥವಾ ಪಾಲಿಕೆಗೆ, ಉದ್ದಿಮೆ ಪರವಾನಗಿಗಾಗಿ. ಅಲ್ಲಿ ಕೇಳುವುದು ಮುಖ್ಯವಾಗಿ ಕಟ್ಟಡದ ವಿಚಾರ, ಬಡಾವಣೆಯ ವಿಚಾರ. ಸದಸ್ಯರ ಹಣ ಮುಳುಗಿದರೆ ಅವರು ಆಮೇಲೆ ಗ್ರಾಹಕ ಆಯೋಗದ ಬಾಗಿಲು ತಟ್ಟಬೇಕು. ಫ್ಲಾರಿಡಾದಲ್ಲಿ ಕಟ್ಟಡಕ್ಕೂ ಸ್ಥಳೀಯ ವ್ಯಾಪಾರ ತೆರಿಗೆಗೂ ಬೇರೆ ಕಚೇರಿಗಳಿವೆ. ನೀವು ಕೇಳುತ್ತಿರುವ ನೋಂದಣಿಯನ್ನು ಕೊಡುವುದು ರಾಜ್ಯದ ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆ. ಕೃಷಿ ಇಲಾಖೆಗೂ ಜಿಮ್‌ಗೂ ಏನು ಸಂಬಂಧ ಎಂದು ಹೊಸಬರೆಲ್ಲ ಬೆರಗಾಗುತ್ತಾರೆ, ಆದರೆ ಈ ರಾಜ್ಯದಲ್ಲಿ ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವುದು ಅದೇ ಇಲಾಖೆ. ಫ್ಲಾರಿಡಾ ಕಾನೂನು ಸಂಹಿತೆಯ 501.012ರಿಂದ 501.019ರವರೆಗಿನ ಸೆಕ್ಷನ್‌ಗಳು ‘ಹೆಲ್ತ್ ಸ್ಟುಡಿಯೊ’ ಎಂಬ ಹೆಸರಿನಡಿ ಜಿಮ್, ಫಿಟ್‌ನೆಸ್ ಸೆಂಟರ್, ಹಣ ಪಡೆದು ವ್ಯಾಯಾಮ ಕಲಿಸುವ ಯೋಗ ಕೇಂದ್ರ ಇವನ್ನೆಲ್ಲ ತರುತ್ತವೆ. ಒಬ್ಬರೇ ನಿಂತು ತರಬೇತಿ ಕೊಡುವ ಪರ್ಸನಲ್ ಟ್ರೇನರ್ ಮಾತ್ರ ಈ ವ್ಯಾಖ್ಯೆಯ ಹೊರಗಿದ್ದಾರೆ.

ಈ ಕಾನೂನು ನಿಮ್ಮ ಟ್ರೆಡ್‌ಮಿಲ್ ಎಷ್ಟು ಹೊಸದು, ತರಬೇತುದಾರರು ಎಷ್ಟು ನುರಿತವರು ಎಂದು ಅಳೆದು ನೋಡಿ ನೋಂದಣಿ ಕೊಡುವುದಿಲ್ಲ. ಅದರ ಕಣ್ಣಿರುವುದು ಮುಂಗಡ ಹಣದ ಮೇಲೆ. ಜಿಮ್ ಎನ್ನುವುದು ಇವತ್ತು ದುಡ್ಡು ಪಡೆದು ನಾಳೆಯ ಸೇವೆಯನ್ನು ಮಾರುವ ವ್ಯಾಪಾರ. ವರ್ಷದ ಶುಲ್ಕವನ್ನು ಜನವರಿಯಲ್ಲಿ ಕಟ್ಟಿಸಿಕೊಂಡು ಮಾರ್ಚ್‌ನಲ್ಲಿ ಬಾಗಿಲು ಹಾಕಿದರೆ ಸದಸ್ಯರ ಕೈಯಲ್ಲಿ ಉಳಿಯುವುದು ರಸೀತಿ ಮಾತ್ರ. ಒಂದು ತಿಂಗಳಿಗಿಂತ ಹೆಚ್ಚಿನ ಶುಲ್ಕವನ್ನು ಮುಂಗಡವಾಗಿ ಕಟ್ಟಿದರೆ, ಜಿಮ್ ಮುಚ್ಚಿದಾಗ ಆ ಹಣ ಹೋಗುವ ಅಪಾಯವಿದೆ ಎಂಬ ಎಚ್ಚರಿಕೆಯನ್ನು ನಿಮ್ಮದೇ ಒಪ್ಪಂದಪತ್ರದಲ್ಲಿ, 10 ಪಾಯಿಂಟ್ ದಪ್ಪ ಅಕ್ಷರದಲ್ಲಿ ನೀವೇ ಅಚ್ಚು ಹಾಕಿಸಬೇಕೆಂದು ಕಾನೂನು ಹೇಳುತ್ತದೆ. ಅಂಗಡಿಯವನ ಕೈಯಿಂದಲೇ ಇಂಥ ಮಾತು ಬರೆಸುವ ಕಾನೂನುಗಳು ಹೆಚ್ಚಿಲ್ಲ. ಈ ಕಾಳಜಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ನಿರಾಕರಣೆಯ ಮತ್ತು ರದ್ದತಿಯ ಕಾರಣಗಳೆಲ್ಲ ಎಲ್ಲಿಂದ ಹುಟ್ಟಿದವು ಎಂಬುದು ತಾನಾಗಿ ತಿಳಿಯುತ್ತದೆ: ಈ ಮನುಷ್ಯನ ಕೈಗೆ ಜನರ ಮುಂಗಡವನ್ನು ಒಪ್ಪಿಸಬಹುದೆ ಎಂಬುದೊಂದೇ ಪ್ರಶ್ನೆಯನ್ನು ಇಲಾಖೆ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿರುತ್ತದೆ.

501.015ನೆಯ ಸೆಕ್ಷನ್ ನೋಂದಣಿಯನ್ನು ಅಥವಾ ಅದರ ನವೀಕರಣವನ್ನು ನಿರಾಕರಿಸಲು ಐದು ಕಾರಣಗಳನ್ನು ಕೊಡುತ್ತದೆ. ಮೊದಲನೆಯದು ಸರಳ: ನೋಂದಣಿಗೆ ಬೇಕಾದ ಷರತ್ತುಗಳನ್ನೇ ಪೂರೈಸದಿರುವುದು, ಅಂದರೆ ಅರ್ಜಿ ಅಪೂರ್ಣವಾಗಿರುವುದು, ಪ್ರತಿ ಶಾಖೆಗೂ ವರ್ಷಕ್ಕೆ ಕಟ್ಟಬೇಕಾದ 300 ಡಾಲರ್ ಶುಲ್ಕ ಕಟ್ಟದಿರುವುದು, ಬೇಕಾದ ಬಾಂಡ್, ಅಂದರೆ ಸದಸ್ಯರ ನಷ್ಟ ತುಂಬಲೆಂದು ಇಡುವ ಜಾಮೀನನ್ನು, ಒದಗಿಸದಿರುವುದು ಇತ್ಯಾದಿ. ಎರಡನೆಯದು ವಂಚನೆ, ಅಪ್ರಾಮಾಣಿಕ ವ್ಯವಹಾರ ಅಥವಾ ನೈತಿಕ ಅಧಃಪತನವನ್ನು ತೋರುವ ಅಪರಾಧದಲ್ಲಿ ಶಿಕ್ಷೆಯಾಗಿರುವುದು. ಮೂರನೆಯದು ವಂಚನೆ, ಅಪ್ರಾಮಾಣಿಕತೆ ಅಥವಾ ಇದೇ ಜಿಮ್ ಕಾನೂನಿನ ಉಲ್ಲಂಘನೆಗಾಗಿ ಬಿದ್ದ ದಂಡವನ್ನು ತೀರಿಸದಿರುವುದು. ನಾಲ್ಕನೆಯದು ಅಂಥ ನಡತೆಯ ಬಗ್ಗೆ ಯಾವುದೇ ಸೀಮೆಯಲ್ಲಿ ಕ್ರಿಮಿನಲ್ ಅಥವಾ ಆಡಳಿತಾತ್ಮಕ ಕ್ರಮ ಬಾಕಿ ಇರುವುದು. ಐದನೆಯದು ಫ್ಲಾರಿಡಾದ ಮೋಸದ ಹಾಗೂ ಅನ್ಯಾಯದ ವ್ಯಾಪಾರ ಪದ್ಧತಿಗಳ ಕಾಯ್ದೆಯಡಿ ಇಲಾಖೆ ಹೂಡಿದ ದಾವೆಯಲ್ಲಿ ತೀರ್ಪು ವಿರುದ್ಧವಾಗಿ ಬಂದಿರುವುದು.

ಈ ಐದೂ ಕಾರಣಗಳನ್ನು ಇಲಾಖೆ ಕಂಪನಿಯ ಹೆಸರಿಗೆ ಮಾತ್ರ ಅನ್ವಯಿಸುವುದಿಲ್ಲ. ಕಂಪನಿಯ ನಿರ್ದೇಶಕರು, ಅಧಿಕಾರಿಗಳು, ಮಾಲೀಕರು, ಪಾಲುದಾರರು ಇವರಲ್ಲಿ ಯಾರೊಬ್ಬರಿಗೆ ಅನ್ವಯವಾದರೂ ಸಾಕು ಎಂದು ಸೆಕ್ಷನ್ ಹೇಳುತ್ತದೆ. ಹೊಸ ಹೆಸರಿನಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಕೊಂಡರೆ ಹಳೆಯದೆಲ್ಲ ಅಳಿಸಿಹೋಗುತ್ತದೆ ಎಂದು ನಂಬಿ ಬರುವವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆ ನಂಬಿಕೆಯನ್ನು ಮುರಿಯುವುದಕ್ಕೆಂದೇ ಈ ಸಾಲನ್ನು ಬರೆದಂತಿದೆ.

ಈಗ ನಿಮ್ಮ ಗೆಳೆಯರ ವಿಷಯ. ಚೆಕ್ ವಂಚನೆ ಎರಡನೆಯ ಕಾರಣದೊಳಗೆ ನೇರವಾಗಿ ಬರುತ್ತದೆ. ಅದು ವಂಚನೆಯೇ ಆದ್ದರಿಂದ ‘ನೈತಿಕ ಅಧಃಪತನ’ ಎಂಬ ಪದದ ಅರ್ಥವನ್ನು ನಾವು ಜಗ್ಗಾಡಬೇಕಾಗಿಲ್ಲ. ಆ ಪದದ ಬಗ್ಗೆ ಅನೇಕ ಓದುಗರಿಗೆ ಗೊಂದಲವಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ 1933ರಲ್ಲಿ, ಟಲಿಡ್ಜ್ ವಿರುದ್ಧ ಹಾಲಿಂಗ್ಸ್‌ವರ್ತ್ ಪ್ರಕರಣದಲ್ಲಿ, ಮನುಷ್ಯನು ಇತರ ಮನುಷ್ಯರಿಗೆ ಅಥವಾ ಸಮಾಜಕ್ಕೆ ಸಲ್ಲಿಸಬೇಕಾದ ಕರ್ತವ್ಯದಲ್ಲಿ ತೋರುವ ನೀಚತನ ಎಂಬ ಅರ್ಥದಲ್ಲಿ ಅದನ್ನು ವಿವರಿಸಿತು. ಅರಿಯದೆ ಮಾಡಿದ ತಪ್ಪು, ನಿರ್ಣಯದಲ್ಲಾದ ಎಡವಟ್ಟು ಇವು ಅದರೊಳಗೆ ಬರುವುದಿಲ್ಲ. ವೇಗವಾಗಿ ಕಾರು ಓಡಿಸಿದ್ದಕ್ಕೆ ಬಿದ್ದ ದಂಡವನ್ನು ನೆನೆದು ನಿದ್ದೆಗೆಡಬೇಕಾಗಿಲ್ಲ.

ಹಾಗಾದರೆ ಗೆಳೆಯರ ಹೆಸರಿದ್ದರೆ ಬಾಗಿಲು ಮುಚ್ಚಿತೆ? ಇಲ್ಲ. ಸೆಕ್ಷನ್ ಇಲಾಖೆಗೆ ‘ನಿರಾಕರಿಸಬಹುದು’ ಎಂಬ ವಿವೇಚನೆಯನ್ನು ಕೊಟ್ಟಿದೆ. ನಿರಾಕರಿಸಲೇಬೇಕು ಎಂದು ಕಟ್ಟುಹಾಕಿಲ್ಲ. ಶಿಕ್ಷೆಯಾದದ್ದು ಒಂಬತ್ತು ವರ್ಷದ ಹಿಂದೆ. ಆಗ ಕೋರ್ಟ್ ವಿಧಿಸಿದ ಮೊತ್ತವನ್ನೆಲ್ಲ ಅವರು ಕಟ್ಟಿದ್ದಾರೆಯೆ, ಪ್ರೊಬೇಷನ್ (ಕೋರ್ಟಿನ ನಿಗಾದಲ್ಲಿ ಹೊರಗಿರುವ) ಅವಧಿ ಕಳಂಕವಿಲ್ಲದೆ ಮುಗಿಯಿತೆ, ಆಮೇಲೆ ಅವರು ಜನರ ಹಣವನ್ನು ನಿಭಾಯಿಸುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದಕ್ಕೆ ದಾಖಲೆಯಿದೆಯೆ, ಇವು ಇಲಾಖೆಯ ಮನಸ್ಸನ್ನು ತಿರುಗಿಸಬಲ್ಲ ಸಂಗತಿಗಳು. ಕೋರ್ಟಿನ ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನು ತರಿಸಿ ಓದಿ. ಕೆಲವೊಮ್ಮೆ ಜನ ‘ಶಿಕ್ಷೆಯಾಗಿತ್ತು’ ಎನ್ನುವಲ್ಲಿ ಕಾಗದ ಬೇರೆಯದನ್ನೇ ಹೇಳುತ್ತಿರುತ್ತದೆ. ಆರೋಪ ಕೈಬಿಟ್ಟಿರಬಹುದು, ಅಥವಾ ತಪ್ಪೊಪ್ಪಿಕೊಂಡರೂ ನ್ಯಾಯಾಧೀಶರು ಅಪರಾಧಿ ಎಂಬ ಘೋಷಣೆಯನ್ನು ತಡೆಹಿಡಿದಿರಬಹುದು. ಈ ಎರಡನೆಯ ಸಂದರ್ಭ ನಿಮ್ಮ ಗೆಳೆಯರದ್ದಾಗಿದ್ದರೆ ಆ ಆದೇಶವನ್ನು ವಕೀಲರಿಗೆ ತೋರಿಸದೆ ಅರ್ಜಿಯ ಯಾವ ಚೌಕವನ್ನೂ ತುಂಬಬೇಡಿ.

ಅರ್ಜಿಯಲ್ಲಿ ಮುಚ್ಚಿಡುವುದಂತೂ ಬೇಡವೇ ಬೇಡ. ನನ್ನ ಬಳಿ ಬಂದಿದ್ದ ಒಬ್ಬರು ಅಣ್ಣನ ಹಳೆಯ ಪ್ರಕರಣವನ್ನು ಹೇಳಿದರೆ ತೊಂದರೆಯಾದೀತೆಂದು ಅಣ್ಣನನ್ನು ಕಾಗದದಲ್ಲಿ ಮಾಲೀಕರ ಪಟ್ಟಿಯಿಂದ ಹೊರಗಿಟ್ಟು, ನಿಜದಲ್ಲಿ ಅರ್ಧ ಬಂಡವಾಳವನ್ನು ಅವರಿಂದಲೇ ಪಡೆದಿದ್ದರು. ಅಣ್ಣನ ಪ್ರಕರಣವನ್ನು ಇಲಾಖೆ ಕ್ಷಮಿಸುತ್ತಿತ್ತೋ ಏನೋ. ಆದರೆ ಆ ತಮ್ಮನೇ ಸಹಿ ಹಾಕಿದ ಸುಳ್ಳನ್ನು ಸಮರ್ಥಿಸಲು ನನ್ನಲ್ಲಿ ಮಾತೇ ಇರಲಿಲ್ಲ. ಹಳೆಯ ತಪ್ಪಿಗೆ ವಿವರಣೆ ಕೊಡಬಹುದು, ಹೊಸ ಸುಳ್ಳು ತಾನೇ ಒಂದು ಹೊಸ ಕಾರಣವಾಗುತ್ತದೆ. ಅಷ್ಟೇ ಅಲ್ಲ, ಈ ಕಾನೂನನ್ನು ತಿಳಿದೂ ಮುರಿಯುವುದು ಮೊದಲ ದರ್ಜೆಯ ಮಿಸ್‌ಡಿಮೀನರ್, ಅಂದರೆ ಘೋರ ಅಪರಾಧಗಳಿಗಿಂತ ಕೆಳಗಿನ ಬಗೆಯ ಅಪರಾಧ. ಅದಕ್ಕೆ ಫ್ಲಾರಿಡಾದಲ್ಲಿ 1 ವರ್ಷದವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ ಇದೆ.

ಇನ್ನು ಈಗಿನ ಮಾಲೀಕರು. ಜಿಮ್ ಕೈ ಬದಲಾಯಿಸಿದಾಗ ಹಳೆಯ ನೋಂದಣಿ ಹೊಸಬರ ಹೆಸರಿಗೆ ಸುಮ್ಮನೆ ಹರಿದುಬರುವುದಿಲ್ಲ. ಮಾಲೀಕತ್ವ ಬದಲಾದಾಗ, ಅಥವಾ ಕಂಪನಿಯಾಗಿದ್ದರೆ ಆಡಳಿತದ ಹಿಡಿತವೇ ಬೇರೆಯವರ ಕೈಸೇರುವಷ್ಟು ಷೇರುಗಳು ಬದಲಾದಾಗ, ಕಾನೂನು ಅದನ್ನು ಹೊಸ ಹೆಲ್ತ್ ಸ್ಟುಡಿಯೊ ಎಂದೇ ಎಣಿಸುತ್ತದೆ. ಆದ್ದರಿಂದ ನೀವು ಹೊಸದಾಗಿ ಅರ್ಜಿ ಹಾಕಬೇಕು, ಹೊಸ ಅರ್ಜಿಯಲ್ಲಿ ಎಲ್ಲ ಮಾಲೀಕರ ಹೆಸರೂ ಇರಬೇಕು. ಆ ಮನುಷ್ಯ ಪೂರ್ತಿಯಾಗಿ ಮಾರಿ ಹೊರಗೆ ಹೋಗುತ್ತಿದ್ದರೆ ಅವರ ದಂಡದ ಬಾಕಿ ಅವರದು. ನಿಮ್ಮ ಅರ್ಜಿಯಲ್ಲಿ ಅವರ ಹೆಸರೇ ಇರುವುದಿಲ್ಲ. ಆದರೆ ಶೇಕಡ 10ರ ಪಾಲು ಉಳಿಸಿಕೊಂಡರೆ ಅವರು ಮಾಲೀಕರಲ್ಲಿ ಒಬ್ಬರು. ಪಾಲು ಚಿಕ್ಕದೆಂಬ ಕಾರಣಕ್ಕೆ ಸೆಕ್ಷನ್ ಯಾರನ್ನೂ ಬಿಟ್ಟಿಲ್ಲ. ಆಗ ತೀರದ ದಂಡ ನಿಮ್ಮ ಅರ್ಜಿಯ ಮೇಲೆಯೇ ಬಂದು ಕೂರುತ್ತದೆ, ಮತ್ತು ಅದು ಬಿದ್ದಿರುವುದು ಸದಸ್ಯರ ಹಣ ಹಿಂದಿರುಗಿಸದ ತಪ್ಪಿಗೆ. ಇಡೀ ಕಾನೂನು ಹುಟ್ಟಿದ್ದೇ ಅಂಥ ತಪ್ಪನ್ನು ತಡೆಯಲು. ಅದಕ್ಕೇ ಇದು ಗೆಳೆಯರ ಹಳೆಯ ಶಿಕ್ಷೆಗಿಂತ ಭಾರವಾದದ್ದೆಂದು ನಾನು ಆರಂಭದಲ್ಲಿ ಹೇಳಿದ್ದು. ಶಿಕ್ಷೆ ಎಂದೋ ಮುಗಿದುಹೋದ ಸಂಗತಿ. ಬಾಕಿ ಇವತ್ತಿಗೂ ನಡೆಯುತ್ತಿರುವ ತಪ್ಪು.

ಪರಿಹಾರ ನಿಮ್ಮ ಕೈಯಲ್ಲೇ ಇದೆ. ಮಾರಾಟದ ಮೊತ್ತದಲ್ಲಿ ದಂಡದಷ್ಟನ್ನು ಹಿಡಿದು ನೇರವಾಗಿ ಇಲಾಖೆಗೆ ಕಟ್ಟುವಂತೆ ಒಪ್ಪಂದದಲ್ಲಿ ಬರೆಸಿ, ಬಾಕಿಯಿಲ್ಲ ಎಂಬ ಪತ್ರವನ್ನು ಅರ್ಜಿಯ ಜೊತೆ ಲಗತ್ತಿಸಿ. ಅವರು ಅದಕ್ಕೆ ಒಪ್ಪದಿದ್ದರೆ ಪಾಲುದಾರಿಕೆಯ ಮಾತನ್ನು ಅಲ್ಲಿಗೇ ಬಿಡುವುದು ಲೇಸು. ಅವರ ವಿರುದ್ಧ ಬೇರೆ ಕ್ರಮ ಬಾಕಿ ಇದೆಯೇ ಎಂದೂ ಕೇಳಿ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ: ನಾಲ್ಕನೆಯ ಕಾರಣ ಹೇಳುವುದು ವಂಚನೆ, ಅಪ್ರಾಮಾಣಿಕತೆಯ ಬಗೆಗಿನ ಕ್ರಿಮಿನಲ್, ಆಡಳಿತಾತ್ಮಕ ಕ್ರಮಗಳನ್ನು. ಬಾಡಿಗೆಯ ಲೆಕ್ಕಕ್ಕಾಗಿ ಕಟ್ಟಡದ ಒಡೆಯರು ಹೂಡಿದ ಸಾಮಾನ್ಯ ಸಿವಿಲ್ ದಾವೆ ಅದರಲ್ಲಿ ಸೇರುವುದಿಲ್ಲ.

ಅರ್ಜಿ ಹಾಕಿದ ಮೇಲಿನ ನಡೆಯನ್ನು ನಿಗದಿಪಡಿಸುವುದು ರಾಜ್ಯದ ಆಡಳಿತ ಪ್ರಕ್ರಿಯಾ ಕಾಯ್ದೆ, ಅಂದರೆ ಸಂಹಿತೆಯ 120ನೆಯ ಅಧ್ಯಾಯ. ಅರ್ಜಿ ತಲುಪಿದ 30 ದಿನಗಳೊಳಗೆ ಅದರಲ್ಲಿನ ಲೋಪಗಳನ್ನು ಇಲಾಖೆ ತಿಳಿಸಬೇಕು. ಅರ್ಜಿ ಪೂರ್ಣವಾದ ಮೇಲೆ 90 ದಿನಗಳೊಳಗೆ ಒಪ್ಪಿಗೆ ಅಥವಾ ನಿರಾಕರಣೆಯನ್ನು ಹೇಳಬೇಕು. ನಿರಾಕರಿಸುವುದಾದರೆ ಕಾರಣವನ್ನು ಬರೆದು ತಿಳಿಸಬೇಕು. ಆ ಸೂಚನೆ ಕೈಸೇರಿದ ದಿನದಿಂದ 21 ದಿನಗಳೊಳಗೆ ನೀವು ವಿಚಾರಣೆ ಕೋರಿ ಅರ್ಜಿ ಸಲ್ಲಿಸಬಹುದು. ಸಂಗತಿಗಳ ಬಗ್ಗೆಯೇ ತಕರಾರಿದ್ದರೆ ವಿಷಯ ಆಡಳಿತ ವಿಚಾರಣೆಗಳ ವಿಭಾಗದ ಸ್ವತಂತ್ರ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಸಂಗತಿಗಳನ್ನು ಒಪ್ಪಿಕೊಂಡು ಅವು ನಿರಾಕರಣೆಗೆ ಸಾಲವು ಎಂದಷ್ಟೇ ನಿಮ್ಮ ವಾದವಾದರೆ ಇಲಾಖೆಯ ಮುಂದೆಯೇ ಸರಳ ವಿಚಾರಣೆ ನಡೆಯುತ್ತದೆ. ನಿಮ್ಮ ಗೆಳೆಯರ ಸಂಗತಿ ಬಹುಶಃ ಎರಡನೆಯ ಬಗೆಯದು. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ ಜಿಲ್ಲಾ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು. ಈ 21 ದಿನಗಳ ಗಡುವನ್ನು ಇಲಾಖೆಗೆ ಫೋನ್ ಮಾಡುತ್ತಾ, ‘ನೋಡೋಣ’ ಎಂಬ ಉತ್ತರಕ್ಕೆ ಕಾಯುತ್ತಾ ಕಳೆದುಕೊಂಡವರಿದ್ದಾರೆ. ಲಕೋಟೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ.

ನಿರಾಕರಣೆಗೂ ರದ್ದತಿಗೂ ನಡುವೆ ಇರುವ ದೊಡ್ಡ ಅಂತರ ರುಜುವಾತಿನ ಹೊಣೆ ಯಾರದು ಎಂಬಲ್ಲಿದೆ. ಅರ್ಜಿದಾರನಾಗಿದ್ದಾಗ ತಾನು ನೋಂದಣಿಗೆ ಯೋಗ್ಯ ಎಂದು ತೋರಿಸುವ ಅಂತಿಮ ಹೊಣೆ ನಿಮ್ಮ ಮೇಲಿರುತ್ತದೆ. ನೀವು ಇಂಥ ನಿರ್ದಿಷ್ಟ ತಪ್ಪು ಮಾಡಿದ್ದೀರಿ ಎಂದು ಇಲಾಖೆ ಹೇಳಿದರೆ ಅದನ್ನು ಅದು ರುಜುವಾತುಪಡಿಸಬೇಕಾದರೂ, ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದರೆ ಸಾಕು. 1996ರಲ್ಲಿ ಆಸ್ಬಾರ್ನ್ ಸ್ಟರ್ನ್ ಪ್ರಕರಣದಲ್ಲಿ ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಹೀಗೆ. ಆದರೆ ಒಮ್ಮೆ ಕೈಗೆ ಬಂದ ಪರವಾನಗಿಯನ್ನು ಕಿತ್ತುಕೊಳ್ಳುವುದು ಮನುಷ್ಯನ ಜೀವನೋಪಾಯವನ್ನೇ ಕಿತ್ತುಕೊಂಡಂತೆ. ಅದಕ್ಕೆ ಸ್ಪಷ್ಟವಾದ, ಮನದಟ್ಟಾಗುವಂಥ ಸಾಕ್ಷ್ಯ ಬೇಕೆಂದು ಅದೇ ನ್ಯಾಯಾಲಯ 1987ರಲ್ಲಿ ಫೆರಿಸ್ ವಿರುದ್ಧ ಟರ್ಲಿಂಗ್ಟನ್ ಪ್ರಕರಣದಲ್ಲಿ, ಶಿಕ್ಷಕರೊಬ್ಬರ ಪ್ರಮಾಣಪತ್ರದ ರದ್ದತಿಯ ವಿಷಯದಲ್ಲಿ ತೀರ್ಮಾನಿಸಿತು. ಈ ತತ್ತ್ವ ಎಲ್ಲ ಬಗೆಯ ವೃತ್ತಿ ಪರವಾನಗಿಗಳ ಚರ್ಚೆಯಲ್ಲೂ ಉಲ್ಲೇಖವಾಗುತ್ತದೆ. ಇದನ್ನು ನೆಚ್ಚಿಕೊಂಡು ‘ಹೇಗಾದರೂ ಮೊದಲು ನೋಂದಣಿ ಪಡೆಯೋಣ, ಆಮೇಲೆ ರದ್ದು ಮಾಡುವುದು ಕಷ್ಟ’ ಎಂದು ಲೆಕ್ಕ ಹಾಕುವವರಿಗೆ ಮೇಲೆ ಹೇಳಿದ ತಮ್ಮನ ಕಥೆಯನ್ನು ನೆನಪಿಸುತ್ತೇನೆ. ಸಹಿ ಮಾಡಿದ ಸುಳ್ಳಿಗಿಂತ ಸ್ಪಷ್ಟವಾದ ಸಾಕ್ಷ್ಯ ಇಲಾಖೆಗೆ ಬೇಕಾಗಿಲ್ಲ.

ರದ್ದತಿಯ ಅಧಿಕಾರ ಇರುವುದು 501.019ನೆಯ ಸೆಕ್ಷನ್‌ನಲ್ಲಿ. ಜಿಮ್ ಕಾನೂನಿನ ಯಾವುದೇ ಅಂಶವನ್ನು ಮುರಿದಿರುವುದು ಕಂಡುಬಂದರೆ ಇಲಾಖೆ ಎಚ್ಚರಿಕೆಯ ನೋಟಿಸ್ ಕೊಡಬಹುದು, ಪ್ರತಿ ಉಲ್ಲಂಘನೆಗೂ 5,000 ಡಾಲರ್‌ವರೆಗೆ ದಂಡ ಹಾಕಬಹುದು, ಆ ಕೆಲಸವನ್ನು ನಿಲ್ಲಿಸುವಂತೆ ಆದೇಶಿಸಬಹುದು, ನೋಂದಣಿಯನ್ನು ಅಮಾನತುಗೊಳಿಸಬಹುದು ಅಥವಾ ರದ್ದು ಮಾಡಬಹುದು. ರದ್ದು ಮಾಡುವ ಮುನ್ನ ಆರೋಪಗಳನ್ನು ಬರೆದು ತಲುಪಿಸಿ, ಉತ್ತರಿಸಲು ಅವಕಾಶ ಕೊಡಲೇಬೇಕು. ಸಾರ್ವಜನಿಕರ ಆರೋಗ್ಯಕ್ಕೋ ಹಿತಕ್ಕೋ ತಕ್ಷಣದ ಗಂಭೀರ ಅಪಾಯವಿದ್ದಾಗ ಮಾತ್ರ ತುರ್ತು ಅಮಾನತಿಗೆ ದಾರಿಯಿದೆ.

ಹಾಗಾದರೆ ಯಾವ ನಡತೆ ಅಲ್ಲಿಯವರೆಗೆ ಒಯ್ಯುತ್ತದೆ? ಬಹುಪಾಲು ತೊಂದರೆ ಹುಟ್ಟುವುದು ಸದಸ್ಯರ ಒಪ್ಪಂದಪತ್ರದಿಂದ. ಸಹಿ ಮಾಡಿದ 3 ದಿನಗಳೊಳಗೆ, ರಜೆ ಮತ್ತು ವಾರಾಂತ್ಯವನ್ನು ಬಿಟ್ಟು ಎಣಿಸಿ, ಸದಸ್ಯರು ಯಾವ ಕಾರಣವೂ ಇಲ್ಲದೆ ಬರಹದ ಮೂಲಕ ಒಪ್ಪಂದದಿಂದ ಹಿಂದೆ ಸರಿಯಬಹುದು, ಆಗ ಹಣವನ್ನು 30 ದಿನಗಳೊಳಗೆ ಮರಳಿಸಬೇಕು. ಜಿಮ್ ಮುಚ್ಚಿದರೆ, ಅಥವಾ 5 ಮೈಲಿಗಿಂತ ದೂರಕ್ಕೆ ಹೋಗಿ, 30 ದಿನಗಳೊಳಗೆ 5 ಮೈಲಿಯೊಳಗೇ ಸಮಾನ ಗುಣಮಟ್ಟದ ಬೇರೆ ಜಾಗವನ್ನು ಒದಗಿಸದಿದ್ದರೆ ಆಗಲೂ ಒಪ್ಪಂದ ಮುರಿಯುವ ಹಕ್ಕು ಅವರಿಗಿದೆ. ಸದಸ್ಯರು ತೀರಿಕೊಂಡರೆ ಅಥವಾ ದೈಹಿಕವಾಗಿ ಅಸಮರ್ಥರಾದರೆ ಒಪ್ಪಂದ ಮುಗಿಸಲು ಅವಕಾಶವಿರಬೇಕು. ಮೊದಲ ಒಪ್ಪಂದ 36 ತಿಂಗಳನ್ನು ಮೀರುವಂತಿಲ್ಲ, ಆಮೇಲೆ ವರ್ಷವರ್ಷಕ್ಕೆ ಮಾತ್ರ ನವೀಕರಿಸಬೇಕು. ಹಾಗಾಗಿ ‘ಆಜೀವ ಸದಸ್ಯತ್ವ’ ಎಂಬ ಆಕರ್ಷಕ ಫಲಕವನ್ನು ನೀವು ಕೊಳ್ಳುತ್ತಿರುವ ಜಿಮ್‌ನ ಗೋಡೆಯ ಮೇಲೆ ಕಂಡರೆ ಮೊದಲು ಅದನ್ನು ಇಳಿಸಿ. ಮಾರುವವರು ಬಳಸುತ್ತಿದ್ದ ಒಪ್ಪಂದದ ನಮೂನೆಯನ್ನು ಹಾಗೆಯೇ ಮುಂದುವರಿಸುವುದು ಹೊಸ ಮಾಲೀಕರು ಮಾಡುವ ಸಾಮಾನ್ಯ ತಪ್ಪು, ಏಕೆಂದರೆ ಅದರಲ್ಲಿ ಬಿಟ್ಟುಹೋದ ಪ್ರತಿಯೊಂದು ವಾಕ್ಯವೂ ಈಗ ನಿಮ್ಮ ಉಲ್ಲಂಘನೆಯಾಗುತ್ತದೆ.

ತೊಂದರೆಯ ಎರಡನೆಯ ಮೂಲ ಬಾಂಡ್. ಪ್ರತಿ ಶಾಖೆಗೂ 25,000 ಡಾಲರ್‌ನ ಜಾಮೀನು ಬಾಂಡ್ ಅಥವಾ ಅದಕ್ಕೆ ಸಮನಾದ ಠೇವಣಿ, ಬ್ಯಾಂಕ್ ಖಾತರಿ ಇರಬೇಕು. ಚಾಲ್ತಿಯಲ್ಲಿರುವ ಒಪ್ಪಂದಗಳ ಒಟ್ಟು ಮೊತ್ತ ಚಿಕ್ಕದೆಂದು ತೋರಿಸಿದರೆ ಇಲಾಖೆ ಅದನ್ನು 10,000 ಡಾಲರ್‌ಗೆ ಇಳಿಸಬಹುದು. ಜಿಮ್ ಮುಳುಗಿದಾಗ ಸದಸ್ಯರ ನಷ್ಟವನ್ನು ತುಂಬುವುದು ಇದೇ ಹಣ. ಪ್ರೀಮಿಯಂ ಕಟ್ಟದೆ ಬಾಂಡ್ ಬಿದ್ದುಹೋದ ಮೇಲೂ ಸದಸ್ಯತ್ವ ಮಾರುತ್ತಿದ್ದರೆ, ಇಲಾಖೆಯ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಆದರೆ ತಿಂಗಳು ತಿಂಗಳಿಗೆ ಮಾತ್ರ ಶುಲ್ಕ ಪಡೆಯುವ, ಒಪ್ಪಂದದಲ್ಲಿ ಎಷ್ಟು ತಿಂಗಳೋ ಅಷ್ಟೇ ಕಂತುಗಳಿರುವ, ಸೇವಾ ಶುಲ್ಕ ನ್ಯಾಯವಾಗಿರುವ ಜಿಮ್‌ಗೆ ಈ ಬಾಂಡಿನಿಂದ ವಿನಾಯಿತಿ ಇದೆ. ಕಾರಣ ಊಹಿಸಬಹುದು: ಮುಂಗಡವೇ ಇಲ್ಲದಿದ್ದಲ್ಲಿ ಮುಳುಗುವುದು ಹೆಚ್ಚೆಂದರೆ ಒಂದು ತಿಂಗಳ ಹಣ. ನಿಮ್ಮ ಸ್ಥಿತಿಯಲ್ಲಿ ನಾನು ಈ ದಾರಿಯನ್ನೇ ಬಲವಾಗಿ ಸೂಚಿಸುತ್ತೇನೆ. ಮೊದಲ ವರ್ಷ ಕೈಗೆ ಬರುವ ಹಣ ಕಡಿಮೆಯಾದೀತು, ಆದರೆ ವಂಚನೆಯ ಹಳೆಯ ಶಿಕ್ಷೆಯಿರುವ ಪಾಲುದಾರರೊಬ್ಬರು ಜೊತೆಗಿರುವಾಗ, ನಾವು ಯಾರ ಮುಂಗಡವನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಅರ್ಜಿಯ ಜೊತೆಗೇ ಹೇಳಬಲ್ಲಿರಾದರೆ ಇಲಾಖೆಯ ಭಯಕ್ಕೆ ಆಧಾರವೇ ಉಳಿಯುವುದಿಲ್ಲ.

ಉಳಿದವು ಚಿಕ್ಕ ಸಂಗತಿಗಳು. ನೋಂದಣಿ ಪತ್ರ ಜನರಿಗೆ ಕಾಣುವಂತೆ ಮುಂಭಾಗದ ಮೇಜಿನ ಬಳಿ ಇರಬೇಕು, ವರ್ಷವರ್ಷ ಮರೆಯದೆ ನವೀಕರಿಸಬೇಕು. ಚಾಲ್ತಿಯಲ್ಲಿರುವ ನೋಂದಣಿಯನ್ನು ತೋರಿಸದೆ ಸ್ಥಳೀಯ ವ್ಯಾಪಾರ ತೆರಿಗೆ ರಸೀತಿಯೂ ಸಿಗುವುದಿಲ್ಲ. ಇಲ್ಲಿ ಹೇಳಿದ್ದೆಲ್ಲ ಫ್ಲಾರಿಡಾಕ್ಕೆ ಮಾತ್ರ ಎಂಬುದನ್ನೂ ಬೇರೆ ರಾಜ್ಯಗಳಲ್ಲಿರುವ ಓದುಗರು ಗಮನಿಸಬೇಕು. ಟೆಕ್ಸಸ್‌ನಲ್ಲಿ ಇಂಥ ನೋಂದಣಿಯನ್ನು ರಾಜ್ಯ ಕಾರ್ಯದರ್ಶಿಯ ಕಚೇರಿ ನೋಡಿಕೊಳ್ಳುತ್ತದೆ, ಅದರ ನಿಯಮಗಳು ಬೇರೆ.

ನೀವೀಗ ಮಾಡಬೇಕಾದದ್ದು ಖರೀದಿ ಒಪ್ಪಂದಕ್ಕೆ ಸಹಿ ಹಾಕುವುದನ್ನು ತಡೆಹಿಡಿಯುವುದು. ಹೊಸ ನೋಂದಣಿ ಕೈಸೇರಿದ ಮೇಲಷ್ಟೇ ಮಾರಾಟ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಹಣ ಮೂರನೆಯವರ ಎಸ್ಕ್ರೋ ಖಾತೆಯಲ್ಲಿರುತ್ತದೆ, ನಿರಾಕರಣೆಯಾದರೆ ಪೂರ್ತಿ ಮರಳುತ್ತದೆ ಎಂಬ ಷರತ್ತನ್ನು ಅದರಲ್ಲಿ ಸೇರಿಸಿ. ಈಗಿರುವ ಸದಸ್ಯರಲ್ಲಿ ಎಷ್ಟು ಜನ, ಎಷ್ಟು ತಿಂಗಳ ಮುಂಗಡ ಕಟ್ಟಿದ್ದಾರೆ ಎಂಬ ಪಟ್ಟಿಯನ್ನು ಮಾಲೀಕರಿಂದ ಸಹಿ ಮಾಡಿಸಿಕೊಂಡು ಪಡೆಯಿರಿ, ಆ ಹೊರೆ ಯಾರದೆಂದು ಬರೆದಿಡಿ. ಆಮೇಲೆ ಗೆಳೆಯರ ಕೋರ್ಟ್ ಆದೇಶ, ದಂಡ ತೀರಿದ ಪತ್ರ, ಹೊಸ ಒಪ್ಪಂದದ ನಮೂನೆ ಈ ಮೂರನ್ನೂ ಹಿಡಿದು, ಆಡಳಿತ ಕಾನೂನಿನಲ್ಲಿ ಪಳಗಿದ ಅಲ್ಲಿಯ ವಕೀಲರೊಬ್ಬರ ಬಳಿ ಕುಳಿತು ಅರ್ಜಿ ತುಂಬಿ.